ಆನೆಗೊಂದಿಯ ಬಂಡೆ, ಓತಿಕ್ಯಾತ, ಆಟಿಸಂ

ಆಟಿಸಂ ಇರುವ ನಮ್ಮಲ್ಲಿ ಹಲವರಿಗೆ ಒಂದೇ ಜೀವಿಯನ್ನು ಗಂಟೆಗಟ್ಟಲೆ ನೋಡುವುದು ದೊಡ್ಡ ಸುಖ. ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಂಡೆಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಶನಿವಾರ ಮಾತ್ರ ಬೇಡ: ಪಕ್ಕದ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ ಜನ ಹರಿದು ಬರುತ್ತಾರೆ, ಹಾರ್ನ್ ಸದ್ದಿಗೇ ತಲೆ ದಣಿದುಬಿಡುತ್ತದೆ. ಸದ್ದು ತಡೆಯುವ ಹೆಡ್‌ಫೋನ್ ಚೀಲದಲ್ಲಿರಲಿ.

ಬಂಡೆ ಬೆಚ್ಚಗಾದ ಮೇಲೆ ಬಂಡೆಗಳಲ್ಲೇ ಬಾಳುವ ಜಾತಿಯ ಓತಿಕ್ಯಾತ ಹೊರಬರುತ್ತದೆ. ಐದಾರು ಮೀಟರ್ ದೂರ ಕೂತು, ಅಲುಗಾಡದೆ 20 ನಿಮಿಷ ಕಾಯಿರಿ. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಸಂದಿಗೆ ನುಗ್ಗುತ್ತದೆ. ಬೆದೆಗಾಲದ ಗಂಡಿನ ಬೆನ್ನು ಕೆಂಪು, ಪಕ್ಕೆ ಕಪ್ಪು. ಎದುರಾಳಿ ಕಂಡರೆ ಮುಂಗಾಲೂರಿ ದಂಡ ಹೊಡೆಯುತ್ತದೆ, ಎಂಥ ಚೆಂದ! ನಿಮಿಷಕ್ಕೆ ಎಷ್ಟೆಂದು ಎಣಿಸಿ ಬರೆದಿಡಿ.

ನೋಟ ನೆಟ್ಟಿರುವಾಗ ದಿಢೀರನೆ ಎಬ್ಬಿಸಿದರೆ ಇಡೀ ದಿನ ಕೆಡುತ್ತದೆ. ಹೊರಡುವ ಹತ್ತು ನಿಮಿಷ ಮೊದಲು ತಿಳಿಸುವಂತೆ ಜೊತೆಗಾರರಿಗೆ ಹೇಳಿಡಿ.