ಧೂಳಿನಲ್ಲಿ ಎರಡು ಚೌಕ

ನಿನ್ನೆ ಅಕ್ಕಲಕೋಟೆಯಿಂದ ಕಾಕಾನ ಜೊತೆ ವಿಜಯಪುರಕ್ಕೆ ಹೋಗಿದ್ದೆ. ಗೋಳಗುಮ್ಮಟಕ್ಕೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಮೇಲೆ ಹತ್ತಿ ಕೂಗೋದು, ಪ್ರತಿಧ್ವನಿ ಕೇಳಿ ಇಳಿಯೋದು, ಅಷ್ಟೇ.

ಕಾಕಾ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಅವರು ಮೇಲೆ ಹತ್ತಲೇ ಇಲ್ಲ. ಕೆಳಗೆ ನಿಂತು ಮೂಲೆಗಳನ್ನೇ ನೋಡುತ್ತಿದ್ದರು. "ಚೌಕ ಗೋಡಿ ಮ್ಯಾಲ ದುಂಡಂದು ಹೆಂಗ ಕುಂತೈತಿ ನೋಡು ತಮ್ಮಾ" ಅಂದರು.

ಹೊರಗೆ ಬಂದ ಮೇಲೆ ಮಣ್ಣಿನಲ್ಲಿ ಬೆರಳಿಂದ ಒಂದು ಚೌಕ ಬರೆದರು. ಅದರ ಮೇಲೆ ಇನ್ನೊಂದು ಚೌಕ, ಸ್ವಲ್ಪ ತಿರುಗಿಸಿ. ನಡುವೆ ಎಂಟು ಮೂಲೆಯ ಆಕಾರ ಮೂಡಿತು. ಒಳಗಿನ ಎಂಟು ಕಮಾನುಗಳು ಹೀಗೇ ಒಂದನ್ನೊಂದು ದಾಟುತ್ತವಂತೆ. ಚೌಕ ಮೆಲ್ಲಗೆ ದುಂಡಗಾಗುವುದು ಅಲ್ಲೇ. ಗುಮ್ಮಟ ಯಾವಾಗಲೂ ಹೊರಕ್ಕೆ ತಳ್ಳುತ್ತದೆ. ಒಳಗೆ ಚಾಚಿದ ಕಮಾನುಗಳ ಭಾರ ಅದನ್ನು ಹಿಡಿದು ನಿಲ್ಲಿಸುತ್ತದೆ.

ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ. ಬುಡದಲ್ಲಿ ಸುಮಾರು 3 ಮೀಟರ್ ದಪ್ಪ. ಇಟ್ಟಿಗೆ, ಸುಣ್ಣದ ಗಾರೆ. ನಡುವೆ ಒಂದೂ ಕಂಬವಿಲ್ಲ. ಮುಗಿದದ್ದು 1656ರ ಸುಮಾರಿಗೆ. ಇಲ್ಲಿ ಮಲಗಿರುವ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಹೆಸರು ಎಲ್ಲರಿಗೂ ಗೊತ್ತು. ಇಟ್ಟಿಗೆ ಹೊತ್ತವರ, ಗಾರೆ ಕಲಸಿದವರ ಹೆಸರು ನನಗೆ ಯಾರೂ ಹೇಳಿಲ್ಲ. ನಿನ್ನೆ ಮಾತ್ರ ಅವರದೇ ನೆನಪು ಜಾಸ್ತಿ ಆಯಿತು. ಕಾಕಾನ ಕೈ ನೋಡಿದಾಗಲಂತೂ, ಸುಣ್ಣ ತಿಂದು ಒಡೆದ ಆ ಬೆರಳುಗಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ಗಾಜಿನ ಧೂಳಿನ ಮೇಲೆ ಮತ್ತೆ ಎರಡು ಚೌಕ.