ಮೇಂಟೇನರ್‌ಗೆ ಬರೆಯುವ ಪತ್ರವೂ ಸುರಕ್ಷತೆಯ ಕೆಲಸವೇ

ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ, ಹೊರಗಿನ ಓಪನ್ ಸೋರ್ಸ್ ಲೈಬ್ರರಿಗಳನ್ನು (ಬೇರೆಯವರು ಬರೆದು ಎಲ್ಲರ ಬಳಕೆಗೆ ಮುಕ್ತವಾಗಿಟ್ಟ ಸಿದ್ಧ ಕೋಡನ್ನು) ನಮ್ಮ ಉತ್ಪನ್ನದೊಳಗೆ ಸೇರಿಸಿಕೊಳ್ಳಬಹುದೇ ಎಂದು ಪರಿಶೀಲಿಸಿ ಒಪ್ಪಿಗೆ ಕೊಡುವುದು ನನ್ನ ಕೆಲಸ. ಲೈಸೆನ್ಸ್ ಯಾವುದು, ಈಗಾಗಲೇ ಗೊತ್ತಿರುವ ಲೋಪಗಳೇನು, ಕೊನೆಯ ರಿಲೀಸ್ ಯಾವಾಗ ಆಯಿತು ಎಂಬುದನ್ನೆಲ್ಲ ತಿಳಿಸುವ ಸಾಧನಗಳು ಬೇಕಾದಷ್ಟಿವೆ. ಆದರೆ ಆ ಲೈಬ್ರರಿಯನ್ನು ನೋಡಿಕೊಳ್ಳುತ್ತಿರುವವರು, ಅಂದರೆ ಮೇಂಟೇನರ್‌ಗಳು, ಎಷ್ಟು ಜನ, ಅವರಿಗೆ ಬಿಡುವು ಇದೆಯೇ, ಬಳಸುವವರು ಅವರೊಡನೆ ಯಾವ ಧಾಟಿಯಲ್ಲಿ ಮಾತನಾಡುತ್ತಾರೆ ಎಂಬುದು ಆ ವರದಿಗಳಲ್ಲಿ ಕಾಣುವುದಿಲ್ಲ. 2024ರ ಮಾರ್ಚ್ ಕಳೆದ ಮೇಲೆ, ಯಾವುದೇ ಲೈಬ್ರರಿ ನನ್ನ ಮುಂದೆ ಬಂದರೂ ನಾನು ಮೊದಲು ಓದುವುದು ಅದರ ಪತ್ರವ್ಯವಹಾರವನ್ನು, ಕೋಡ್ ಆಮೇಲೆ.

ಆ ತಿಂಗಳ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಕ್ಸ್‌ಝಡ್ ಯುಟಿಲ್ಸ್‌ನಲ್ಲಿ ಹಿಂಬಾಗಿಲೊಂದು, ಅಂದರೆ ಹೊರಗಿನವರು ಕದ್ದು ಒಳನುಗ್ಗುವ ದಾರಿಯೊಂದು, ಇರುವುದನ್ನು ಬಹಿರಂಗಪಡಿಸಿದರು. ಫೈಲುಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲೂ ಇರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ವೇಗವನ್ನು ಅಳೆಯುತ್ತಿದ್ದ ಫ್ರಾಯಿಂಡ್ ಅವರಿಗೆ ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಕಂಡು, ಅದರ ಜಾಡು ಹಿಡಿದು ಹೊರಟಾಗ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿಟ್ಟಿದ್ದ ಕೋಡ್ ಸಿಕ್ಕಿತು. ಆ ಆವೃತ್ತಿಗಳು ಬಹುಮಟ್ಟಿಗೆ ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ ವ್ಯವಸ್ಥೆಗಳ ಪರೀಕ್ಷಾ ಹಂತದ ಬಿಡುಗಡೆಗಳನ್ನಷ್ಟೇ ತಲುಪಿದ್ದವು. ಇನ್ನೂ ಕೆಲವು ತಿಂಗಳು ಯಾರ ಕಣ್ಣಿಗೂ ಬೀಳದಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಅವು ಇಳಿಯುತ್ತಿದ್ದವು.

ತಾಂತ್ರಿಕವಾಗಿ ಅದು ಬಹಳ ಜಾಣತನದ ಕೆಲಸ. ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೆ ಎರಡು ವರ್ಷ ಹಿಂದಿನ ಪತ್ರಗಳು. ಎಕ್ಸ್‌ಝಡ್ ಅನ್ನು ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್. 2021ರ ಕೊನೆಯಿಂದ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಅವರಿಗೆ ಸಣ್ಣಪುಟ್ಟ ಉಪಯುಕ್ತ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಕಳಿಸತೊಡಗಿದರು. 2022ರಲ್ಲಿ ಜಿಗರ್ ಕುಮಾರ್, ಡೆನ್ನಿಸ್ ಎನ್ಸ್ ಎಂಬ ಹೆಸರುಗಳಿಂದ ದೂರುಗಳು ಶುರುವಾದವು: ಪ್ಯಾಚ್‌ಗಳು ಕೊಳೆಯುತ್ತಿವೆ, ಮೇಂಟೇನರ್‌ಗೆ ಆಸಕ್ತಿ ಹೋಗಿದೆ, ಹೊಸಬರಿಗೆ ಜವಾಬ್ದಾರಿ ಬಿಟ್ಟುಕೊಡಬಾರದೇಕೆ. ಕಾಲಿನ್ ಅವರು ತಮಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆಯೆಂದೂ, ಇದು ಸಂಬಳವಿಲ್ಲದೆ ಹವ್ಯಾಸಕ್ಕಾಗಿ ಮಾಡುತ್ತಿರುವ ಕೆಲಸವೆಂಬುದನ್ನು ನೆನಪಿಡಬೇಕೆಂದೂ ಸಮಾಧಾನದಿಂದಲೇ ಉತ್ತರಿಸಿದರು. ಒತ್ತಡ ನಿಲ್ಲಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ರಿಲೀಸ್ ಮಾಡುವ ಅಧಿಕಾರ ಜಿಯಾ ಟಾನ್ ಕೈಯಲ್ಲಿತ್ತು; ಹಿಂಬಾಗಿಲಿದ್ದ ಆವೃತ್ತಿಗಳು ಹೊರಬಂದದ್ದು ಅದೇ ಹೆಸರಿನಿಂದ. ದೂರು ಬರೆದ ಆ ಹೆಸರುಗಳಿಗೆ ಬೇರೆಲ್ಲೂ ಗುರುತು ಸಿಗದ ಕಾರಣ, ಅವೂ ಇದೇ ಸಂಚಿನ ಭಾಗವಾಗಿದ್ದವೆಂದು ಇದನ್ನು ಕೆದಕಿ ನೋಡಿದ ಹೆಚ್ಚಿನವರು ನಂಬುತ್ತಾರೆ.

ಆ ದೂರುಗಳನ್ನು ಆಗ ಯಾರೂ ಅನುಮಾನದಿಂದ ನೋಡದಿರಲು ಕಾರಣವಿದೆ. ಅವು ದಿನನಿತ್ಯದ ಪತ್ರಗಳಂತೆಯೇ ಇದ್ದವು. ಹಣ ಕೊಡದೆ ಪಡೆದ ತಂತ್ರಾಂಶದ ಬಗ್ಗೆ, ಅದನ್ನು ಬರೆದವರ ಮೇಲೆ ದಬಾಯಿಸಿ ಬರೆಯುವುದು ನಮ್ಮ ವೃತ್ತಿಯಲ್ಲಿ ಅಷ್ಟು ಸಾಮಾನ್ಯವಾಗಿಬಿಟ್ಟಿದೆ. ಬಳಕೆದಾರರೆಲ್ಲ ಸೌಜನ್ಯದಿಂದ ಬರೆಯುವ ಕಡೆ ಇಂಥ ಎರಡು ಧ್ವನಿಗಳು ಎದ್ದಿದ್ದರೆ ಯಾರಾದರೊಬ್ಬರು ತಲೆಯೆತ್ತಿ ನೋಡುತ್ತಿದ್ದರು. ನಮ್ಮ ಅಸಹನೆಯೇ ಆ ಸಂಚಿಗೆ ಮರೆಯಾಯಿತು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಈ ಅಸಹನೆಯಲ್ಲಿ ದೊಡ್ಡ ಸಂಸ್ಥೆಗಳ ಪಾಲೂ ಕಡಿಮೆಯಿಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ಲೋಪ ಬಯಲಾದ ಬೆನ್ನಿಗೇ, ಜಾಲದಲ್ಲಿ ಡೇಟಾ ಸಾಗಿಸುವ ಕರ್ಲ್ ತಂತ್ರಾಂಶದ ಮೇಂಟೇನರ್ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಭಾರಿ ಕಂಪನಿಯೊಂದರಿಂದ ಆ ಲೋಪದ ಬಗ್ಗೆ ಒಂದು ಪ್ರಶ್ನಾವಳಿ ಬಂತು. 24 ಗಂಟೆಗಳೊಳಗೆ ಉತ್ತರಿಸಬೇಕೆಂಬ ತಾಕೀತು ಅದರಲ್ಲಿತ್ತು. ಕರ್ಲ್ ಇರುವುದು ಸಿ ಭಾಷೆಯಲ್ಲಿ, ಲಾಗ್‌ಫೋರ್‌ಜೆ ಜಾವಾದ್ದು. ಒಂದಕ್ಕೊಂದು ಸಂಬಂಧವೇ ಇಲ್ಲ. ಸಪೋರ್ಟ್ ಒಪ್ಪಂದ ಮಾಡಿಕೊಂಡರೆ ಸಂತೋಷದಿಂದ ಉತ್ತರಿಸುವೆನೆಂದು ಸ್ಟೆನ್‌ಬರ್ಗ್ ಬರೆದರು. ಹಣ ಪಡೆದು ಸಾಮಾನು ಒದಗಿಸುವವರಿಗೆ ಕಳಿಸುವ ನಮೂನೆಯನ್ನೇ ಹಣ ಪಡೆಯದೆ ದುಡಿಯುವವರಿಗೂ ಕಳಿಸುವ ಈ ರೂಢಿ ಅನೇಕ ಕಚೇರಿಗಳಲ್ಲಿದೆ. ನಮ್ಮಲ್ಲಿ ಅಂಥ ಪತ್ರ ಹೊರಹೋಗುವ ಮುನ್ನ ಈಗ ನನ್ನ ಮೇಜಿಗೆ ಬರಬೇಕೆಂಬ ನಿಯಮ ಮಾಡಿದ್ದೇವೆ.

ಪತ್ರ ಹೇಗಿರಬೇಕು ಎಂಬುದನ್ನು ತಂಡದ ಕಿರಿಯರಿಗೆ ತೋರಿಸಲು ನಾನು ಒಂದು ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ. ರಸೀದಿಗಳನ್ನು ಪಿಡಿಎಫ್ ಮಾಡಲು ನಾವು ಬಳಸುವ ಲೈಬ್ರರಿಯೊಂದು ಕನ್ನಡದ ಅರ್ಕಾವತ್ತನ್ನು ತಪ್ಪಾಗಿ ಮುದ್ರಿಸುತ್ತಿತ್ತು. ‘ಕನ್ನಡ ಸರಿಯಾಗಿ ಬರುತ್ತಿಲ್ಲ, ನಮ್ಮ ಗ್ರಾಹಕರು ಕಾಯುತ್ತಿದ್ದಾರೆ, ಆದಷ್ಟು ಬೇಗ ಸರಿಪಡಿಸಿ’ ಎಂದು ಸಹೋದ್ಯೋಗಿಯೊಬ್ಬರು ಬರೆದಿಟ್ಟಿದ್ದರು. ಅದನ್ನು ಓದುವ ಮೇಂಟೇನರ್ ಬೇರೆ ದೇಶದವರು, ಕನ್ನಡ ಲಿಪಿಯ ಪರಿಚಯವಿಲ್ಲದವರು. ಈ ಮಾತಿನಿಂದ ಅವರಿಗೆ ಒತ್ತಡವಲ್ಲದೆ ಬೇರೇನೂ ಸಿಗುವುದಿಲ್ಲ. ಇಬ್ಬರೂ ಕೂತು ಮತ್ತೆ ಬರೆದೆವು. ‘ಸೂರ್ಯ’ ಎಂಬ ಪದದಲ್ಲಿ ಮೊದಲು ರ, ಆಮೇಲೆ ಹಲಂತ ಚಿಹ್ನೆ (್), ಕೊನೆಗೆ ಯ ಎಂಬ ಕ್ರಮದಲ್ಲಿ ಅಕ್ಷರಗಳು ಸಂಗ್ರಹವಾಗುತ್ತವೆ; ಮುದ್ರಿಸುವಾಗ ಮಾತ್ರ ಯ ಮೊದಲು ಬಂದು, ರಕಾರವು ಅದರ ಬಲಕ್ಕೆ ಒಂದು ಚಿಹ್ನೆಯಾಗಿ ನಿಲ್ಲಬೇಕು; ನಿಮ್ಮ ಲೈಬ್ರರಿ ಸಂಗ್ರಹದ ಕ್ರಮದಲ್ಲೇ ಅಕ್ಷರಗಳನ್ನು ಸಾಲಾಗಿ ಇಡುತ್ತಿದೆ ಎಂದು ವಿವರಿಸಿದೆವು. ಬಳಸಿದ ಫಾಂಟ್ ನೋಟೋ ಸಾನ್ಸ್ ಕನ್ನಡ ಎಂದು ತಿಳಿಸಿ, ಬರಬೇಕಾದ ರೂಪ ಮತ್ತು ಬಂದ ರೂಪಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ತಪ್ಪನ್ನು ಮರುಕಳಿಸಿ ತೋರಿಸುವ ಕೆಲವೇ ಸಾಲಿನ ಕೋಡನ್ನು ಲಗತ್ತಿಸಿದೆವು. ಅವಸರದ ಮಾತೇ ಇರಲಿಲ್ಲ. ತಿದ್ದುಪಡಿಯನ್ನು ಪರೀಕ್ಷಿಸಲು ನಾವು ಸಿದ್ಧರಿದ್ದೇವೆ ಎಂದಷ್ಟೇ ಕೊನೆಯಲ್ಲಿ ಬರೆದೆವು. ಮರುದಿನವೇ ಉತ್ತರ ಬಂತು. ಒತ್ತಕ್ಷರಗಳ ಪರೀಕ್ಷೆಗಳನ್ನು ಬರೆದುಕೊಡುವಿರಾ ಎಂದು ಅವರು ಕೇಳಿದರು. ಅವಸರಪಟ್ಟಿದ್ದ ಅದೇ ಸಹೋದ್ಯೋಗಿ ಅವನ್ನು ಬರೆದುಕೊಟ್ಟರು. ಇಂದು ಆ ಲೈಬ್ರರಿಯ ಪ್ರತಿ ರಿಲೀಸಿಗೂ ಮುನ್ನ ‘ಸೂರ್ಯ’, ‘ಲಕ್ಷ್ಮಿ’, ‘ಅರ್ಘ್ಯ’ ಪದಗಳು ಸರಿಯಾಗಿ ಮೂಡಿವೆಯೇ ಎಂಬ ಪರಿಶೀಲನೆ ತಾನಾಗಿ ನಡೆಯುತ್ತದೆ.

ಹಣದ ಮಾತನ್ನೂ ಬಿಡುವಂತಿಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ಲೋಪ ಬಯಲಾದಾಗ, ಜಾಲದ ಬಹುಪಾಲು ಗೂಢಲಿಪೀಕರಣವನ್ನು ಹೊತ್ತಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದು ತಿಳಿದು ಎಲ್ಲರೂ ಬೆಚ್ಚಿದ್ದರು. ನಮ್ಮ ಬೆಂಗಳೂರಿನದೇ ಆದ, ಷೇರು ವಹಿವಾಟಿನ ಸಂಸ್ಥೆ ಝೆರೋಧಾ 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ಮೊತ್ತದ, ಓಪನ್ ಸೋರ್ಸ್ ಕೆಲಸಗಳಿಗೆ ನೆರವಾಗುವ ಫ್ಲಾಸ್ ಫಂಡ್ ಘೋಷಿಸಿದ್ದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ. ಸಾಧಾರಣ ಗಾತ್ರದ ಸಂಸ್ಥೆಗಳಲ್ಲಿ ಮಾತ್ರ ಇದು ಸುಲಭವಲ್ಲ: ವಿದೇಶದಲ್ಲಿರುವ ಒಬ್ಬ ವ್ಯಕ್ತಿಗೆ, ಇನ್‌ವಾಯ್ಸ್ ಇಲ್ಲದೆ, ಯಾವ ಸೇವೆಗೆಂದು ನಿರ್ದಿಷ್ಟವಾಗಿ ಹೇಳಲಾಗದೆ ಹಣ ಕಳಿಸಲು ಅಕೌಂಟ್ಸ್ ವಿಭಾಗ ಒಪ್ಪುವುದಿಲ್ಲ, ಅವರ ಕಷ್ಟವೂ ನ್ಯಾಯವಾದದ್ದೇ. ಸಪೋರ್ಟ್ ಒಪ್ಪಂದ ಕೊಡುವವರಿಂದ ಒಪ್ಪಂದವನ್ನು ಕೊಳ್ಳುವುದು, ಉಳಿದೆಡೆ ನಮ್ಮ ಎಂಜಿನಿಯರ್‌ಗಳ ಸಮಯವನ್ನು ಕೊಡುವುದು ನಾವು ಕಂಡುಕೊಂಡ ದಾರಿ.

ಸಮಯ ಕೊಡುವುದರಲ್ಲೂ ಒಂದು ಸೂಕ್ಷ್ಮವಿದೆ. ನಾವು ನೆಚ್ಚಿಕೊಂಡಿರುವ ಇನ್ನೊಂದು ಲೈಬ್ರರಿಯ ಮೇಂಟೇನರ್ ತಮಗೆ ದಣಿವಾಗಿದೆ ಎಂದು ಇತ್ತೀಚೆಗೆ ಬಹಿರಂಗವಾಗಿಯೇ ಬರೆದರು. ಏನು ನೆರವು ಬೇಕೆಂದು ಕೇಳಿದಾಗ, ಬರುವ ಬಗ್ ವರದಿಗಳನ್ನು ಓದಿ ವಿಂಗಡಿಸುವವರು ಸಿಕ್ಕರೆ ಸಾಕು ಎಂದರು. ಆದರೆ ಎಕ್ಸ್‌ಝಡ್ ಪ್ರಕರಣದಲ್ಲಿ ಮನೆ ಹೊಕ್ಕವರೂ ನೆರವು ನೀಡುವವರಾಗಿಯೇ ಬಂದಿದ್ದರು. ಹಾಗಾಗಿ ನಮ್ಮನ್ನು ಅವರು ಏಕೆ ನಂಬಬೇಕು ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಂಡೆವು. ನಮ್ಮ ಇಬ್ಬರು ಸಹೋದ್ಯೋಗಿಗಳು ತಮ್ಮ ನಿಜವಾದ ಹೆಸರಿನಲ್ಲಿ, ಸಂಸ್ಥೆಯ ವಿಳಾಸದಿಂದಲೇ ಅಲ್ಲಿ ಕೆಲಸ ಮಾಡುತ್ತಿದ್ದಾರೆ. ವರದಿಗಳಿಗೆ ಗುರುತು ಹಚ್ಚುವುದು, ಒಂದೇ ದೂರು ಎರಡು ಸಲ ಬಂದಿದ್ದರೆ ಸೇರಿಸುವುದು, ಕಟುವಾಗಿ ಬರೆದವರಿಗೆ ಮೇಂಟೇನರ್ ಬದಲು ತಾವೇ ಸಮಾಧಾನದಿಂದ ಉತ್ತರಿಸುವುದು, ಇಷ್ಟನ್ನು ಮಾಡುತ್ತಾರೆ. ಕೋಡ್ ಸೇರಿಸುವ ಹಕ್ಕನ್ನಾಗಲಿ ರಿಲೀಸ್ ಮಾಡುವ ಹಕ್ಕನ್ನಾಗಲಿ ಅವರು ಕೇಳಿಲ್ಲ, ಕೇಳಬಾರದೆಂದು ನಾನೂ ಹೇಳಿದ್ದೇನೆ.