ಕಿಲ್ನ್ ಹತ್ತಿರ ತಲೆನೋವು: ಮ್ಯಾನೇಜರನ್ನು ದಾಟಿ ಹೋಗಬೇಕೇ?

ಕೊಪ್ಪಳದ ಗಿಣಿಗೇರಾ, ಬಳ್ಳಾರಿಯ ಹಲಕುಂದಿ ಕಡೆಯ ಸ್ಪಾಂಜ್ ಐರನ್ ಪ್ಲಾಂಟುಗಳಲ್ಲಿ ದುಡಿಯುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕಿಲ್ನ್ (ಅದಿರನ್ನು ಕಲ್ಲಿದ್ದಲಿನೊಡನೆ ಕಾಯಿಸುವ ಸುತ್ತುವ ಕುಲುಮೆ) ಪ್ಲಾಟ್‌ಫಾರ್ಮಿನ ಮೇಲೆ ನಿಂತರೆ ತಲೆ ಸಿಡಿಯುತ್ತದೆ, ವಾಂತಿ ಬಂದಂತಾಗುತ್ತದೆ. ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿದರೆ ‘ಬಿಸಿಲಿನ ಝಳ, ಮಜ್ಜಿಗೆ ಕುಡಿ’ ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಯಾವ ಬಿಸಿಲು?

ಒಂದೇ ಜಾಗದಲ್ಲಿ ಇಬ್ಬರು ಮೂವರಿಗೆ ತಲೆನೋವು, ಹೊರಗೆ ಹೋದರೆ ಅಥವಾ ರಜೆಯ ದಿನ ಅದು ಮಾಯ ಎಂದಾದರೆ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗ್ಯಾಸ್ ಎಂದೇ ಹಿಡಿಯಬೇಕು. ಬಣ್ಣವಿಲ್ಲ, ವಾಸನೆಯಿಲ್ಲ. ಕಿಲ್ನ್‌ನ ಎರಡೂ ತುದಿಯ ಸೀಲ್ ಸವೆದಾಗ, ಒಳಗಿನ ಒತ್ತಡ ಏರಿದಾಗ ಹೊರಗೆ ಬರುತ್ತದೆ. ಧೂಳಿನ ಮಾಸ್ಕ್, ಒದ್ದೆ ಟವೆಲ್ ಯಾವುದೂ ಇದನ್ನು ತಡೆಯುವುದಿಲ್ಲ. ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದ ಮಿತಿ ಎಂಟು ತಾಸಿನ ಸರಾಸರಿಗೆ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ), ಹದಿನೈದು ನಿಮಿಷಕ್ಕೆ 400.

ಇಲ್ಲಿ ಹೆಚ್ಚಿನವರು ಮೋಸ ಹೋಗುವುದು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿನಿಂದ. ಫಸ್ಟ್ ಏಡ್ ಕೋಣೆಯಲ್ಲಿ ಬೆರಳಿಗೆ ಸಿಕ್ಕಿಸಿದರೆ 98 ತೋರಿಸುತ್ತದೆ, ‘ಏನೂ ಆಗಿಲ್ಲ, ಡ್ಯೂಟಿಗೆ ಹೋಗು’ ಎಂದು ಕಳಿಸುತ್ತಾರೆ. ರಕ್ತ ಹೊತ್ತಿರುವುದು ಆಮ್ಲಜನಕವೋ ಮೋನಾಕ್ಸೈಡೋ ಎಂದು ಆ ಉಪಕರಣಕ್ಕೆ ಗೊತ್ತಾಗುವುದಿಲ್ಲ. ಬೇಕಾದದ್ದು ಕಾರ್ಬಾಕ್ಸಿಹಿಮೋಗ್ಲೋಬಿನ್ (ಮೋನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್) ರಕ್ತಪರೀಕ್ಷೆ. ಸಾಧಾರಣ ಗಾಳಿಯಲ್ಲಿ ನಾಲ್ಕೈದು ತಾಸಿಗೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಆಮ್ಲಜನಕ ಹಾಕಿದರೆ ಇನ್ನೂ ಬೇಗ. ಮಲಗಿ ಎದ್ದು ಮರುದಿನ ಹೋದರೆ ವರದಿ ಚೊಕ್ಕ ಬರುತ್ತದೆ, ಆ ವರದಿಯನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಹಾಗಂತ ಪರೀಕ್ಷೆಗಾಗಿ ಆಮ್ಲಜನಕ ತಡಮಾಡಿಸಬೇಡಿ, ರಕ್ತ ತೆಗೆದ ಹೊತ್ತು ಚೀಟಿಯಲ್ಲಿ ಬರೆಸಿದರೆ ಸಾಕು.

ಇನ್ನು ದಾಟಿ ಹೋಗುವ ಮಾತು. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41ಎಚ್ ಕಲಮು ಸೇರಿತು, ಕಾರ್ಮಿಕರಿಗೆ ಅಪಾಯ ತಿಳಿಸುವ ಹಕ್ಕು ಕೊಟ್ಟಿತು. ಅದೇ ಹಕ್ಕು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯ 14ನೇ ಕಲಮಿನಲ್ಲೂ ಇದೆ. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಅಪಾಯ ಕಂಡರೆ ಮಾಲೀಕರಿಗೂ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರಿಗೂ ಏಕಕಾಲಕ್ಕೆ ತಿಳಿಸಬಹುದು. ಏಕಕಾಲಕ್ಕೆ ಅಂದಮೇಲೆ ಮ್ಯಾನೇಜರ ಉತ್ತರಕ್ಕೆ ಕಾಯಬೇಕಿಲ್ಲ. ‘ಅಪಾಯವೇ ಇಲ್ಲ’ ಎಂದು ಮಾಲೀಕರಿಗೆ ಅನ್ನಿಸಿದರೂ ವಿಷಯವನ್ನು ಅವರೇ ಇನ್‌ಸ್ಪೆಕ್ಟರಿಗೆ ಒಪ್ಪಿಸಬೇಕು, ತೀರ್ಮಾನ ಇನ್‌ಸ್ಪೆಕ್ಟರದು. ಆದ್ದರಿಂದ ಗ್ಯಾಸಿನ ವಿಷಯದಲ್ಲಿ ಹಿಂದೆಮುಂದೆ ನೋಡಬೇಡಿ. ಧೂಳು, ಸದ್ದು ನಿಧಾನವಾಗಿ ತಿನ್ನುವಂಥವು. ಅಲ್ಲಿ ಮೊದಲು ಮ್ಯಾನೇಜರಿಗೆ ಬರೆದು ಕೊಟ್ಟು, ಒಂದೆರಡು ವಾರ ನೋಡಿ, ಸುರಕ್ಷತಾ ಸಮಿತಿಗೆ ಒಯ್ಯುವುದೇ ಲೇಸು. ನೇರ ಮೇಲಕ್ಕೆ ಹೋದರೆ ‘ನಮಗೆ ಹೇಳಲೇ ಇಲ್ಲ’ ಎಂದು ಜಾರಿಕೊಳ್ಳುತ್ತಾರೆ.

ಗ್ಯಾಸ್ ಅನುಮಾನ ಬಂದ ಕೂಡಲೇ ಎಲ್ಲರನ್ನೂ ಗಾಳಿ ಬರುವ ದಿಕ್ಕಿಗೆ ಕಳಿಸಿ, ಕಂಟ್ರೋಲ್ ರೂಮಿಗೆ ಹೇಳಿ. ಬಿದ್ದವರನ್ನು ಎತ್ತಲು ಉಸಿರಾಟದ ಸಿಲಿಂಡರ್ ಸೆಟ್ ಇಲ್ಲದೆ ನುಗ್ಗಿದವರೂ ಅಲ್ಲೇ ಬೀಳುತ್ತಾರೆ. ಕಾಗದ ಆಮೇಲೆ. ಅದರಲ್ಲಿ ತಾರೀಖು, ಶಿಫ್ಟ್, ಕಿಲ್ನ್ ನಂಬರ್, ನಿಂತ ಜಾಗ, ಗ್ಯಾಸ್ ಮೀಟರ್ ತೋರಿಸಿದ ಪಿಪಿಎಂ, ಎಷ್ಟು ನಿಮಿಷ, ಯಾರಿಗೆ ಏನಾಯಿತು, ಯಾರಿಗೆ ಎಷ್ಟು ಗಂಟೆಗೆ ಹೇಳಿದಿರಿ ಎಂಬುದಿರಲಿ. ಮೀಟರಿನ ಬಂಪ್ ಟೆಸ್ಟ್ (ಗ್ಯಾಸ್ ಹಾಯಿಸಿ ಮೀಟರ್ ಸ್ಪಂದಿಸುತ್ತದೆಯೇ ಎಂದು ನೋಡುವುದು) ತಾರೀಖನ್ನೂ ಬರೆಯಿರಿ, ಇಲ್ಲದಿದ್ದರೆ ‘ಮೀಟರೇ ಕೆಟ್ಟಿದೆ’ ಅನ್ನುವುದು ಸುಲಭ. ಸಾಹೇಬರ ಸ್ವಭಾವದ ಬಗ್ಗೆ ಒಂದು ಸಾಲೂ ಬೇಡ, ಅರ್ಜಿ ಜಗಳದ ಕಾಗದವಾಗಿಬಿಡುತ್ತದೆ.

ಗುತ್ತಿಗೆಯವರು ಮೇಸ್ತ್ರಿಗೆ ಹೇಳಿ ಸುಮ್ಮನಾಗುತ್ತಾರೆ. ಅದು ಎಲ್ಲೂ ದಾಖಲಾಗುವುದಿಲ್ಲ. ಅರ್ಜಿ ಫ್ಯಾಕ್ಟರಿ ಮ್ಯಾನೇಜರ್ ಹೆಸರಿಗೇ ಹೋಗಲಿ, ಸೇಫ್ಟಿ ಆಫೀಸರ್ ಇದ್ದರೆ ಅವರಿಗೊಂದು ಪ್ರತಿ. ಹೊರಗೆ ಬರೆಯುವಾಗ ಬಹಳ ಜನ ಮಾಲಿನ್ಯ ಮಂಡಳಿಗೆ ಬರೆಯುತ್ತಾರೆ. ಊರಿಗೆ ಬರುವ ಹೊಗೆ ಅವರದು. ಶೆಡ್ಡಿನೊಳಗಿನ ಗಾಳಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಸೇರಿದ್ದು. ದೂರು ಯಾರದೆಂದು ಇನ್‌ಸ್ಪೆಕ್ಟರ್ ಬಿಟ್ಟುಕೊಡುವಂತಿಲ್ಲ, ಆದರೆ ಆರು ಜನರ ಶಿಫ್ಟಿನಲ್ಲಿ ಯಾರು ಬರೆದದ್ದೆಂದು ಊಹಿಸಲು ಎಷ್ಟು ಹೊತ್ತು ಬೇಕು? ಆರೂ ಜನ ಸಹಿ ಹಾಕಿ, ಇಲ್ಲವೇ ಯೂನಿಯನ್ ಲೆಟರ್‌ಹೆಡ್ಡಿನಲ್ಲಿ ಕಳಿಸಿ. ಸ್ಪೀಡ್ ಪೋಸ್ಟ್ ರಸೀದಿ, ಲಾಗ್‌ಬುಕ್ ಪುಟದ ಫೋಟೊ, ಆಸ್ಪತ್ರೆ ಚೀಟಿ ಮೂರನ್ನೂ ಪ್ಲಾಂಟಿನ ಲಾಕರಿನಲ್ಲಿ ಬಿಡದೆ ಮನೆಯಲ್ಲಿಡಿ.